ಕೋಣದ ಕ್ಯಾನಿನಲ್ಲಿ ಹಾಲುಹಲ್ಲು

ಐನಾಪುರದಲ್ಲಿ ಕಳೆದ ತಿಂಗಳು ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಏಳು ಜನ ಮಾತಾಡಿದರು. ಏಳೂ ಜನ ಒಂದೇ ಮಾತನ್ನು ಹೇಳಿ ಇಳಿದರು: ನಮ್ಮ ಹಲ್ಲಿನ ಡಾಕ್ಟರರು ಕಾಲಕ್ಕಿಂತ ಮುಂದೆ ಇದ್ದವರು. ನನಗೆ ಇದರ ಮೇಲೆ ತಕರಾರಿದೆ. ಹತ್ತು ಗಂಟೆಗೆ ತೆರೆಯಬೇಕಾದ ದವಾಖಾನೆಯನ್ನು ಹನ್ನೊಂದೂವರೆಗೆ ತೆರೆಯುತ್ತಿದ್ದ ಮನುಷ್ಯ ಯಾವ ಕಾಲಕ್ಕಿಂತ ಮುಂದೆ ಇದ್ದ? ದ್ರಾಕ್ಷಿ ವ್ಯಾಪಾರಿಯೊಬ್ಬರು ಇನ್ನೂ ಒಂದು ಹೆಜ್ಜೆ ಹೋಗಿ, "ಹತ್ತೂರ ಮಕ್ಕಳ ಭವಿಷ್ಯಾನ ಕಾಪಾಡಿ ಇಟ್ಟಿದ್ರು" ಎಂದು ಕಣ್ಣೊರೆಸಿಕೊಂಡರು. ಡಾಕ್ಟರರು ಕಾಪಾಡಿ ಇಟ್ಟಿದ್ದು ಭವಿಷ್ಯವನ್ನಲ್ಲ, ಹಲ್ಲನ್ನು. ಎಲ್ಲಿ ಇಟ್ಟಿದ್ದರು ಎಂಬುದನ್ನು ಏಳು ಜನರಲ್ಲಿ ಒಬ್ಬರೂ ಹೇಳಲಿಲ್ಲ. ಎದ್ದು ಹೇಳಬೇಕೆಂದಿದ್ದೆ. ಪಕ್ಕದಲ್ಲಿ ಕೂತಿದ್ದ ಅಕ್ಕ ನನ್ನ ಸೆರಗು ಹಿಡಿದು ಎಳೆದಳು. ಆದ್ದರಿಂದ ಬರೆಯುತ್ತಿದ್ದೇನೆ. ಬರೆಯುವಾಗ ಸೆರಗು ಎಳೆಯುವವರಿಲ್ಲ.

ಅವರ ದವಾಖಾನೆ ಇದ್ದದ್ದು ಪೇಟೆಯಲ್ಲಿ, ಕೀಟನಾಶಕದ ಅಂಗಡಿಯ ಮಾಳಿಗೆಯಲ್ಲಿ. ಮೆಟ್ಟಿಲು ಹತ್ತುವಾಗ ಮೂಗಿಗೆ ಹೊಡೆಯುವ ವಾಸನೆ ಹಲ್ಲಿನ ಔಷಧದ್ದೋ ದ್ರಾಕ್ಷಿಗೆ ಹೊಡೆಯುವ ಔಷಧದ್ದೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಉಳಿದವರು ಅಂಗಿಯ ಕಿಸೆಯಲ್ಲಿ ಪೆನ್ನು ಇಟ್ಟುಕೊಂಡರೆ ಅವರು ಹಲ್ಲು ನೋಡುವ ಉದ್ದ ಹಿಡಿಕೆಯ ಪುಟ್ಟ ಕನ್ನಡಿ ಇಟ್ಟುಕೊಳ್ಳುತ್ತಿದ್ದರು. ಚೀಟಿ ಬರೆಯಲು ರೋಗಿಯ ಪೆನ್ನನ್ನೇ ಕೇಳುತ್ತಿದ್ದರು; ಅದು ಮರಳಿ ಬಂದ ಉದಾಹರಣೆ ನನಗೆ ತಿಳಿದಿಲ್ಲ. ಮಾತಾಡುವಾಗ ಎದುರಿನವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಕಾಗವಾಡದ ಬಸ್‌ ಸ್ಟ್ಯಾಂಡಿನಲ್ಲಿ ಒಮ್ಮೆ ನಾನು ಆಕಳಿಸಿದ್ದೇ ತಪ್ಪಾಯಿತು. "ನೀ ಐನಾಪುರದಾಕಿ ಅಲ್ಲೇನವಾ? ಆ ಮುಂದಿನ ಹಲ್ಲಿನ ಸಂದಿ ನಿಮ್ಮಜ್ಜಂದು" ಎಂದು ಹತ್ತು ಜನರ ಮುಂದೆ ನನ್ನ ವಂಶಾವಳಿ ಬಿಚ್ಚಿದರು.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲುತ್ತಿದ್ದವಳು. ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ ಎಲ್ಲ ಕಡೆ ಹೋಗಿ ಒಂದಿಷ್ಟು ಸ್ಟೀಲಿನ ಬಟ್ಟಲು ಗೆದ್ದು ತಂದಿದ್ದೇನೆ, ಅವ್ವ ಅವುಗಳಲ್ಲಿ ಉಪ್ಪಿನಕಾಯಿ ಹಾಕುತ್ತಾಳೆ. ಡಾಕ್ಟರರಿಗೆ ಇದು ಗೊತ್ತಿತ್ತು. ನನ್ನ ದವಡೆಯಲ್ಲಿ ಹತ್ತಿ ತುರುಕಿ, ಜೊಲ್ಲು ಎಳೆಯುವ ನಳಿಕೆ ಸಿಗಿಸಿ, ಆಮೇಲೆ ಕೇಳುತ್ತಿದ್ದರು:

"ಏನ್ ವಕೀಲಬಾಯಿ, ದೇವರು ಅದಾನೋ ಇಲ್ಲೋ?"

"ಆಂ... ಊಂಹೂಂ..."

"ಅದಾನ ಅಂದ್ಲು ನೋಡ್ರಿ" ಎಂದು ನರ್ಸಮ್ಮನ ಕಡೆ ತಿರುಗುತ್ತಿದ್ದರು. "ಸೋತ್ಲು ಅಂತ ಬರಕೋರಿ."

ಅವರು ಗೆದ್ದ ವಾದಗಳೆಲ್ಲ ಹೀಗೆ, ಎದುರಾಳಿಯ ಬಾಯಲ್ಲಿ ಹತ್ತಿ ಇದ್ದಾಗ ಗೆದ್ದವು.

ಅವರ ಬದುಕಿನ ದೊಡ್ಡ ಘಟನೆ ಒಂದು ದಿನದ ಕಾರ್ಯಾಗಾರ. ದೊಡ್ಡ ಊರಿನ ಹೋಟೆಲಿನಲ್ಲಿ ನಡೆದದ್ದು, ಮಧ್ಯಾಹ್ನದ ಊಟ ಸಹಿತ. ಹೋಗುವಾಗ ಹಲ್ಲು ಕೀಳುವ ಡಾಕ್ಟರಾಗಿ ಹೋದವರು ಬರುವಾಗ ಆಕರಕೋಶದ, ಅಂದರೆ ಸ್ಟೆಮ್ ಸೆಲ್ಲಿನ, ತಜ್ಞರಾಗಿ ಬಂದರು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಖುರ್ಚಿಯ ಮೇಲೆ ಅಂಗಾತ ಮಲಗಿದ ರೋಗಿಯ ಕಣ್ಣಿಗೇ ಬೀಳುವಂತೆ ಎತ್ತರದಲ್ಲಿ ನೇತುಹಾಕಿದರು. ಬಾಯಿ ತೆರೆದವರೆಲ್ಲ ಅದನ್ನು ಓದಲೇಬೇಕು, ಬೇರೆ ನೋಡಲು ಏನೂ ಇಲ್ಲ.

ವಿಷಯ ಸುಳ್ಳಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಹಲ್ಲಿನ ಒಳಗೆ ಮೆತ್ತನೆಯ ತಿರುಳಿದೆ. ಆ ತಿರುಳಿನಲ್ಲಿ, ಮಕ್ಕಳ ಹಾಲುಹಲ್ಲಿನಲ್ಲೂ, ಇನ್ನೂ ಏನಾಗಬೇಕೆಂದು ತೀರ್ಮಾನಿಸದ ಕೋಶಗಳಿವೆ. ಪ್ರಯೋಗಶಾಲೆಯಲ್ಲಿ ಅವನ್ನು ಸಾಕಿ ಎಲುಬಿನ ಕಡೆಗೋ ನರದ ಕಡೆಗೋ ತಿರುಗಿಸಬಹುದು. ಸತ್ತ ಹಲ್ಲಿನ ತಿರುಳನ್ನು ಮತ್ತೆ ಬೆಳೆಸಲು, ದವಡೆಯ ಎಲುಬು ತುಂಬಿಸಲು ಆಗುತ್ತದೆಯೇ ಎಂದು ಬಲ್ಲವರು ದುಡಿಯುತ್ತಿದ್ದಾರೆ. ನಾನೂ ಬಿ.ಎಸ್‌ಸಿ.ಯಲ್ಲಿ ಓದಿದೆ. ಆದರೆ ಆಗಬಹುದು ಎಂಬುದಕ್ಕೂ ಆಗಿದೆ ಎಂಬುದಕ್ಕೂ ನಡುವೆ ಬಹಳ ದೂರವಿದೆ. ಆ ದೂರವನ್ನು ನಮ್ಮ ಡಾಕ್ಟರರು ಒಂದೇ ಒಂದು ಹೋಲಿಕೆಯಲ್ಲಿ ದಾಟಿಬಿಟ್ಟರು.

"ಕಬ್ಬ ಹಚ್ಚತೀರಿಲ್ಲೋ? ಗಣ್ಣಿನ್ಯಾಗ ಕಣ್ಣ ಇರತೈತಿ. ಒಂದ ಕಣ್ಣ ಸಾಕು, ಇಡೀ ಕಬ್ಬ ಎದ್ದ ಬರತೈತಿ. ಹಲ್ಲಿನ್ಯಾಗೂ ಹಂತಾ ಕಣ್ಣ ಅದಾವು. ಕಿಡ್ನಿ ಬೇಕಂದ್ರ ಕಿಡ್ನಿ, ಎಲುಬ ಬೇಕಂದ್ರ ಎಲುಬ."

ಕಬ್ಬಿನ ಸೀಮೆಯಲ್ಲಿ ಇದು ಅರ್ಥವಾಗದವರು ಯಾರು? ತೊಂದರೆ ಆದದ್ದೇ ಅಲ್ಲಿ. ಅರ್ಥವಾಗದ ಮಾತಿನ ಮೇಲೆ ಜನ ಪ್ರಶ್ನೆ ಕೇಳುತ್ತಾರೆ, ಅರ್ಥವಾದ ಮಾತನ್ನು ನಂಬಿಬಿಡುತ್ತಾರೆ. ಜುಗೂಳದ ಬೋಳುಬಾಯಿಯ ಮುದುಕರೊಬ್ಬರು ಮರುದಿನವೇ ಬಂದು ಕೂತರು. "ಹಂಗಾರ ಮೊಮ್ಮಗನ ಹಲ್ಲ ತಂದ ಕೊಡ್ತೀನ್ರಿ ಸಾಹೇಬ್ರ, ನನ್ನ ವಸಡಿನ್ಯಾಗ ಎರಡ ಸಾಲ ಹಚ್ಚಿ ಬಿಡ್ರಿ. ನೀರ ಎಷ್ಟ ದಿನಕ್ಕ ಬಿಡಬೇಕು?"

ಡಾಕ್ಟರರು ನಕ್ಕರು, ಗದ್ದ ಮೇಲೆತ್ತಿ, "ನೋಡೂಣು" ಎಂದರು.

ಈ "ನೋಡೂಣು" ಅವರ ಆಯುಧ. ಇಪ್ಪತ್ತು ವರ್ಷದಲ್ಲಿ ಅವರು ಯಾರಿಗೂ "ಇಲ್ಲ" ಎಂದದ್ದನ್ನು ನಾನು ಕೇಳಿಲ್ಲ. ಕುಲುಗುತ್ತಿರುವ ಹಲ್ಲು ಉಳಿಯುತ್ತದೆಯೇ? ನೋಡೂಣು. ಮಗಳ ಓರೆಹಲ್ಲು ಮದುವೆಯೊಳಗೆ ನೇರವಾಗುತ್ತದೆಯೇ? ನೋಡೂಣು. ಸಭೆಯಲ್ಲಿ ಇದನ್ನು ಕರುಣೆ ಎಂದರು. ನನ್ನ ಪ್ರಕಾರ ಅದು ಎದುರಿಗೆ ಕೂತವರ ಮುಖ ಬಾಡುವುದನ್ನು ನೋಡಲಾರದ ಪುಕ್ಕಲುತನ.

ನಮ್ಮ ಮನೆಗಳಲ್ಲಿ ಮಗುವಿನ ಹಲ್ಲು ಬಿದ್ದರೆ ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಒಗೆಯುವುದು ರೂಢಿ. ಡಾಕ್ಟರರು ಶಾಲೆ ಶಾಲೆಗೆ ಹೋಗಿ ಅದನ್ನು ನಿಲ್ಲಿಸಿದರು. "ಮಾಳಿಗಿ ಮ್ಯಾಲ ಒಗದ್ರ ಕಸ, ನನ್ನ ಕಡೆ ತಂದ್ರ ಔಷಧ. ಹಾಲಿನ್ಯಾಗ ಹಾಕ್ಕೊಂಡ ತರ್ರಿ." ತಂದರು ನೋಡಿ ಜನ! ಹಾಲಿನಲ್ಲಿ ತಂದರು, ಹಾಲು ಡೇರಿಗೆ ಹೋಗಿದ್ದರೆ ಮಜ್ಜಿಗೆಯಲ್ಲಿ ತಂದರು. ಒಬ್ಬರು ಅರಿಷಿಣ ಮೆತ್ತಿ ತಂದರು. ಒಣದ್ರಾಕ್ಷಿ ಮಾಡುವ ಶೇಡಬಾಳದ ರೈತನೊಬ್ಬ, ಹಣ್ಣು ಒಣಗಿಸುವ ಮೊದಲು ಅದ್ದುವ ಎಣ್ಣೆನೀರಿನಲ್ಲೇ ಮಗನ ಹಲ್ಲನ್ನು ಅದ್ದಿ, ನೆರಳಲ್ಲಿ ಒಣಗಿಸಿ, ಹಳದಿ ಬಣ್ಣ ಬಂದ ಮೇಲೆ ತಂದ. "ಮಣೂಕ ವರ್ಷಗಟ್ಲೆ ಕೆಡೂದಿಲ್ರಿ, ಹಲ್ಲ ಹೆಂಗ ಕೆಡತೈತಿ?" ಎಂಬುದು ಅವನ ವಾದ. ಡಾಕ್ಟರರು ಅದನ್ನೂ ತೆಗೆದುಕೊಂಡರು.

ಅವರನ್ನು ಅಡ್ಡ ಹಾಕಿದವಳು ನಮ್ಮಜ್ಜಿ ಒಬ್ಬಳೇ. ನೀರನ್ನು ಸೋಸದೆ ಕುಡಿಯದವಳು, ಹೊತ್ತು ಮುಳುಗಿದ ಮೇಲೆ ಉಣ್ಣದವಳು.

"ಅದರಾಗ ಜೀವ ಐತಿ ಅಂತೀರಿ. ಜೀವ ಇದ್ದದ್ದನ್ನ ಬರ್ಫಿನ್ಯಾಗ ಹಾಕಿದ್ರ ಪಾಪ ಬರೂದಿಲ್ಲೇನ್ರಿ?"

"ಸಾಯೂದಿಲ್ಲ ಅಜ್ಜಿ. ನಿದ್ದಿ ಮಾಡತಾವು."

"ಎಬ್ಬಸಾವ್ರು ಯಾರು?"

"ನೋಡೂಣು."

ಎಬ್ಬಿಸುವವರು ಯಾರು! ನಾನು ಗೆದ್ದ ಬಟ್ಟಲುಗಳನ್ನೆಲ್ಲ ಅಜ್ಜಿಗೇ ಕೊಡಬೇಕಿತ್ತು.

ಮೊದಲಿಗೆ ಹಲ್ಲುಗಳು ದೊಡ್ಡ ಊರಿನ ಯಾವುದೋ ಕಂಪನಿಗೆ ಹೋಗುತ್ತಿದ್ದವು. ಟೈ ಕಟ್ಟಿದವನೊಬ್ಬ ತಣ್ಣನೆಯ ಪೆಟ್ಟಿಗೆ ಹಿಡಿದು ಬಂದು ಒಯ್ಯುತ್ತಿದ್ದ. ಹಣ ಕಟ್ಟಿದ ಪ್ರತಿ ಮಗುವಿಗೂ ಚಿನ್ನದ ಅಂಚಿನ ಪ್ರಮಾಣಪತ್ರ ಬರುತ್ತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಟೈ ಬರುವುದು ನಿಂತಿತು, ಫೋನು ಹತ್ತುವುದೂ ನಿಂತಿತು. ಬೇರೆ ಯಾರಾದರೂ ಊರಿಗೆ ವಿಷಯ ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ಹೇಳಲು "ಇಲ್ಲ" ಎಂಬ ಶಬ್ದ ಬೇಕಲ್ಲ, ಅದು ಇವರ ಹತ್ತಿರ ಇರಲಿಲ್ಲ. ಹಲ್ಲು ತೆಗೆದುಕೊಳ್ಳುತ್ತಲೇ ಹೋದರು. ಆಮೇಲೆ ಯಾರಿಂದಲೂ ಒಂದು ಪೈಸೆ ಮುಟ್ಟಲಿಲ್ಲ, ಇದೊಂದನ್ನು ಅವರ ಪರವಾಗಿ ಬರೆದಿಡುತ್ತೇನೆ.

ಎಲ್ಲಿ ಇಡುತ್ತಿದ್ದರು ಎಂಬುದು ನನಗೆ ಗೊತ್ತಾದದ್ದು ರಜೆಗೆ ಊರಿಗೆ ಬಂದಾಗ. ದವಾಖಾನೆಯ ಹಿಂದಿನ ಕೋಣೆಯಲ್ಲಿ ಬಿಳಿ ಹೊಗೆ ಏಳುತ್ತಿತ್ತು. ಇಣುಕಿದರೆ, ನಮ್ಮ ಸೀಮೆಯ ಎಮ್ಮೆಗಳಿಗೆಲ್ಲ ಕೃತಕ ಗರ್ಭಧಾರಣೆ ಮಾಡುವ ಅಣ್ಣ, ತನ್ನ ಬೈಕಿನ ಅಲ್ಯುಮಿನಿಯಂ ಕ್ಯಾನಿನ ಮುಚ್ಚಳ ತೆಗೆದು ನಿಂತಿದ್ದಾನೆ. ಡಾಕ್ಟರರು ಹಲ್ಲುಗಳನ್ನು ತೆಳ್ಳನೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಹೆಸರಿನ ಚೀಟಿ ಹಚ್ಚಿ, ಒಂದೊಂದಾಗಿ ಒಳಗೆ ಇಳಿಬಿಡುತ್ತಿದ್ದಾರೆ. ಕೋಣಗಳ ವೀರ್ಯದ ಕಡ್ಡಿಗಳ ಮಗ್ಗುಲಲ್ಲಿ.

"ಸಾಹೇಬ್ರ, ಇದೇನ್ರಿ?"

"ಬ್ಯಾಂಕ್."

"ಇದು ಎಮ್ಮಿ ಕ್ಯಾನ್ ಅಲ್ಲೇನ್ರಿ!"

"ಥಂಡಿಗೆ ಎಮ್ಮಿ ಗೊತ್ತಿಲ್ಲ, ಮನಷ್ಯಾ ಗೊತ್ತಿಲ್ಲವಾ. ದ್ರವ ಸಾರಜನಕ ಐತಿ. ಮೈನಸ್ ನೂರಾ ತೊಂಬತ್ತಾರು. ದೊಡ್ಡ ಊರಾಗ ಇಡೂದೂ ಇದರಾಗನ."

ಕ್ಯಾನಿನ ಅಣ್ಣನಿಗೆ ಅವನದೇ ಸಂಕಟ. "ನಿಮಗೇನ್ರಿ ಸಾಹೇಬ್ರ, ಹಾಕಿ ಬಿಡ್ತೀರಿ. ನಿನ್ನೆ ಕಾಗವಾಡದಾಗ ಮುರ್ರಾ ಕೋಣದ ಕಡ್ಡಿ ತಗ್ಯಾಕಂತ ಚಿಮಟಾ ಹಾಕಿದ್ರ ಶೇಡಬಾಳ ಹುಡುಗನ ದವಡಿ ಹಲ್ಲ ಬಂತು. ಎಮ್ಮಿ ಮಾಲಕ ಕೇಳ್ತಾನ, ಇದ ಯಾವ ತಳಿ ಅಂತ!"

ಥಂಡಿ ಸರಿ, ಉಳಿದದ್ದೆಲ್ಲ ತಪ್ಪು. ತಾನಾಗಿ ಉದುರಿದ ಹಲ್ಲಿನಲ್ಲಿ ಎಷ್ಟೋ ಸಲ ತಿರುಳೇ ಉಳಿದಿರುವುದಿಲ್ಲ. ಇದ್ದರೂ ಅದನ್ನು ಬೇಗ ಹೊರತೆಗೆಯಬೇಕು, ಕೋಶಗಳನ್ನು ಬಿಡಿಸಿ ಬೆಳೆಸಬೇಕು, ಕಾಯುವ ದ್ರಾವಣದಲ್ಲಿ ಹಾಕಿ ಮೆಲ್ಲಗೆ ತಂಪು ಮಾಡುತ್ತ ಹೋಗಬೇಕು. ಇಡೀ ಹಲ್ಲನ್ನು ಒಮ್ಮೆಲೇ ಮುಳುಗಿಸಿದರೆ ಕೋಶದೊಳಗಿನ ನೀರು ಮಂಜಿನ ಸೂಜಿಯಾಗಿ ಕೋಶವನ್ನೇ ಹರಿದುಹಾಕುತ್ತದೆ. ನಾನು ಇದನ್ನೆಲ್ಲ ಪುಸ್ತಕ ತೆರೆದು ತೋರಿಸಿದೆ. ಡಾಕ್ಟರರು ಪುಸ್ತಕದ ಬದಲು ನನ್ನ ಬಾಯಿಯನ್ನೇ ನೋಡಿ, "ಬುದ್ಧಿಹಲ್ಲ ಬರಾಕತ್ತೈತಿ ನಿನಗ" ಎಂದರು.

ಇಲ್ಲಿಯವರೆಗೆ ನಗಬಹುದು. ನಾನೂ ಹಾಸ್ಟೆಲಿನಲ್ಲಿ ಈ ಕಥೆ ಹೇಳಿ ಬಹಳ ನಗಿಸಿದ್ದೇನೆ.

ಅಕ್ಕನನ್ನು ಕೊಟ್ಟದ್ದು ಶೇಡಬಾಳಕ್ಕೆ. ಅವಳ ಮಗಳಿಗೆ ಏಳು ತುಂಬಿದ ವರ್ಷ ಆ ಮಗು ಕೊಡಗಟ್ಟಲೆ ನೀರು ಕುಡಿಯತೊಡಗಿತು, ಕಡ್ಡಿಯಂತೆ ಸೊರಗಿತು. ಮಿರಜದ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಎಂದರು, ಮಕ್ಕಳಿಗೆ ಬರುವ ಬಗೆಯದು. ಗುಳಿಗೆಯಲ್ಲಿ ಹೋಗುವಂಥದ್ದಲ್ಲ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಸೂಜಿ, ಬದುಕಿರುವ ತನಕ. ಅಕ್ಕ ಅಳುತ್ತ ಐನಾಪುರಕ್ಕೆ ಬಂದಳು. ಡಾಕ್ಟರರಿಗೆ ಅಳುವವರನ್ನು ನೋಡಲಾಗುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ.

"ತಂಗಿ, ಇಕಿ ಹಲ್ಲ ನನ್ನ ಕಡೆ ಅದಾವಲಾ. ಟೆನ್ಶನ್ ಘೇವು ನಕಾ, ಚಿಂತಿ ಬಿಡು. ಸಂಶೋಧನಾ ನಡದೈತಿ. ಇವತ್ತಲ್ಲ ನಾಳೆ ಇದ್ದದ್ದ."

ಆ ನಾಳೆಯನ್ನು ಅಕ್ಕ ಹತ್ತಿರಕ್ಕೆ ಎಳೆದುಕೊಂಡಳು. ಹೇಗೂ ಹಲ್ಲುಗಳಿವೆ, ಇದೆಲ್ಲ ನಾಲ್ಕು ದಿನದ್ದು ಎಂದು. ಮಗು ಸೂಜಿಗೆ ರಂಪ ಮಾಡಿದ ದಿನ ಒಂದು ಹೊತ್ತು ಬಿಟ್ಟಳು. ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಬೇಡವೆಂದು ಇನ್ನೊಂದು ಹೊತ್ತು. ಆಮೇಲೆ ಎರಡು ದಿನ. ಮೂರನೆಯ ದಿನ ಮಗು ವಾಂತಿ ಮಾಡಿಕೊಂಡು, ತೇಕುತ್ತ, ಬಾಯಿಂದ ಕೊಳೆತ ಹಣ್ಣಿನ ವಾಸನೆ ಬಿಡುತ್ತ ಮಂಚದಲ್ಲಿ ಬಿತ್ತು. ಮಿರಜ ಮುಟ್ಟುವಾಗ ಅದಕ್ಕೆ ಕರೆದರೆ ಕೇಳುತ್ತಿರಲಿಲ್ಲ. ಉಳಿಯಿತು. ಇನ್ನೊಂದು ತಾಸು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಅಲ್ಲಿಯ ಡಾಕ್ಟರು ನನ್ನ ಮುಖಕ್ಕೇ ಹೇಳಿದರು.

ನಾನು ಮಿರಜದಿಂದ ನೇರ ದವಾಖಾನೆಗೆ ಹೋದೆ. ಖುರ್ಚಿಯ ಮೇಲೆ ಯಾರೋ ಬಾಯಿ ತೆರೆದು ಮಲಗಿದ್ದರು. ಇರಲಿ, ಸಭಿಕರೊಬ್ಬರಿದ್ದರೆ ಒಳ್ಳೆಯದೇ ಅಂದುಕೊಂಡೆ.

"ನೀವ ಬಂದ ಅಕ್ಕಗ ಹೇಳ್ರಿ. ಹಲ್ಲ ಸತ್ತಾವು ಅಂತ ಹೇಳ್ರಿ. ಬದುಕಿದ್ರೂ ಇವತ್ತಿಗೆ ಅದರಿಂದ ಈ ಬ್ಯಾನಿಗೆ ಔಷಧ ಇಲ್ಲ ಅಂತ ಹೇಳ್ರಿ. ಇಕಿ ಮೈಯಾಗ ರೋಗ ತಡಿಯೂ ಕಾವಲಿನವ್ರ ಇನ್ಸುಲಿನ್ ಮಾಡೂ ಕೋಶಾನ ಕೊಂದಾರು. ಹೊಸಾವ ತಂದ ಹಾಕಿದ್ರ ಅವನ್ನೂ ಕೊಲ್ಲೂದಿಲ್ಲೇನ್ರಿ?"

"ನಾಳಿ ಅದಕ್ಕೂ ಔಷಧ ಬಂದ್ರ?"

"ನಾಳಿ ಬರೂ ಔಷಧಕ್ಕ ಇವತ್ತ ಕೂಸ ಬದುಕಿರಬೇಕಲ್ರಿ!"

ಅವರು ಕೈಯಲ್ಲಿದ್ದ ಇಕ್ಕಳವನ್ನು ತಟ್ಟೆಯಲ್ಲಿಟ್ಟರು. "ನೋಡೂಣು" ಎನ್ನಲಿಲ್ಲ. "ಆಸ್ಪತ್ರಿಯಿಂದ ಮನಿಗೆ ಬಂದ ಮ್ಯಾಲ ಹೇಳು. ಬರ್ತೀನಿ" ಎಂದರು.

ಬಂದರು. ಅಕ್ಕನ ಪಡಸಾಲೆಯಲ್ಲಿ ಕೂತು, ಕಿಸೆಯ ಕನ್ನಡಿ ತೆಗೆದು ಮಗುವಿನ ಬಾಯಿಯನ್ನು ಮೂಲೆ ಮೂಲೆ ನೋಡಿದರು. ಅಕ್ಕ ಎದುರಿಗೆ ನಿಂತಿದ್ದಳು. ನಾನು ಬಾಗಿಲಲ್ಲಿ ಕೈಕಟ್ಟಿ, ಅವರ ಜೀವಮಾನದ ಮೊದಲ "ಇಲ್ಲ" ಕೇಳಲು ಸಿದ್ಧಳಾಗಿದ್ದೆ.

"ತಂಗಿ, ಒಂದ ಮಾತ ಹೇಳೂದ ಮರತಿದ್ನಿ. ತಪ್ಪ ನಂದ" ಎಂದು ಶುರು ಮಾಡಿದರು. "ಕಬ್ಬಿನ ಕಣ್ಣ ಚೊಲೋ ಇದ್ರ ಸಾಲೂದಿಲ್ಲ, ಹೊಲಾನೂ ಹದ ಇರಬೇಕು. ಒಂದ ಹೊತ್ತ ಇನ್ಸುಲಿನ್ ತಪ್ಪಿತಂದ್ರ ಇಕಿ ಮೈ ಸವಳ ಹಿಡೀತೈತಿ. ಸವಳ ನೆಲದಾಗ ಕಬ್ಬ ಹಚ್ಚಿದ್ರ ಏಳತೈತೇನು?"

ಹೊಳೆಯ ನೀರು ಹಾಯಿಸಿ ಹಾಯಿಸಿ ಉಪ್ಪು ಮೇಲೆದ್ದು, ಹುಲ್ಲೂ ಹುಟ್ಟದಂತೆ ಬೆಳ್ಳಗಾದ ಸವಳು ಹೊಲ ಅಕ್ಕನ ಮನೆಯದೂ ಎರಡು ಎಕರೆ ಇದೆ.

"ಇಲ್ರಿ" ಎಂದಳು.

"ಹಂಗಾರ ಕೇಳು. ಇನ್ನ ಒಂದ ಹೊತ್ತ ತಪ್ಪಸೀದಿ ಅಂದ್ರ ಆ ಹಲ್ಲ ನನಗ ಬ್ಯಾಡ. ಹೊರಗ ಒಗದ ಬಿಡ್ತೀನಿ."

ಚಹಾ ಕುಡಿದು ಹೊರಟರು. ನಾನು ಸ್ಕೂಟರಿಗೆ ಅಡ್ಡ ನಿಂತೆ.

"ಮತ್ತ ಸುಳ್ಳ ಹೇಳಿದ್ರಿ."

"ಹೂಂ."

"ಯಾಕ್ರಿ?"

"ಮಿರಜ ಡಾಕ್ಟರ್ ಖರೇ ಹೇಳಿದ್ರು. ನೀನೂ ಖರೇ ಹೇಳಿದಿ. ಖರೇ ಕೇಳಿದ ಮ್ಯಾಲೂ ನಿಮ್ಮಕ್ಕ ಸೂಜಿ ತಪ್ಪಿಸಿದ್ಲಲಾ ವಕೀಲಬಾಯಿ. ಸರಿ ಅತ್ಲಾಗ, ಪೇಶಂಟ್ ಕಾಯಾಕತ್ತಾರ."

ನನ್ನ ಬಾಯಲ್ಲಿ ಆಗ ಹತ್ತಿ ಇರಲಿಲ್ಲ. ಆದರೂ ಉತ್ತರ ಹೊಳೆದದ್ದು ರಾಯಬಾಗದ ರೈಲಿನಲ್ಲಿ, ಎರಡು ದಿನ ತಡವಾಗಿ: ಅಕ್ಕ ಖರೇ ಮಾತನ್ನು ಕೇಳದಿದ್ದದ್ದು ಅದರ ಪಕ್ಕದಲ್ಲಿ ನಿಮ್ಮ ಸುಳ್ಳು ಕೂತಿದ್ದರಿಂದ. ಬೆಂಕಿ ಹಚ್ಚಿದವನೇ ನೀರು ಹೊಯ್ದರೆ ಅವನಿಗೆ ಹಾರ ಹಾಕಬೇಕೇ? ಈ ಉತ್ತರ ಈಗಲೂ ಸರಿಯೆಂದೇ ನನ್ನ ವಾದ.

ಆದರೆ ಅಲ್ಲಿಂದ ಈಚೆಗೆ, ನಾಲ್ಕು ವರ್ಷ, ಅಕ್ಕ ಒಂದು ಹೊತ್ತೂ ತಪ್ಪಿಸಲಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಯ ನಡುವೆ ಎಬ್ಬಿಸಿ ಕರೆದೊಯ್ದು ಸೂಜಿ ಹಾಕಿದಳು. ಹಲ್ಲು ಹಾಳಾಗಬಾರದಲ್ಲ! ಹುಡುಗಿ ಈಗ ಹನ್ನೊಂದರವಳು, ನನಗಿಂತ ಗಟ್ಟಿಯಾಗಿದ್ದಾಳೆ, ಶಾಲೆಯ ಖೋ ಖೋ ತಂಡದಲ್ಲಿದ್ದಾಳೆ. ಡಾಕ್ಟರರನ್ನು ನಾನು ಕ್ಷಮಿಸಲಿಲ್ಲ. ಸುಳ್ಳಿನ ಮೇಲೆ ನಿಲ್ಲಿಸಿದ ಔಷಧ, ಸುಳ್ಳು ಹೇಳಿದವನು ಇರುವ ತನಕ ಮಾತ್ರ ನಿಲ್ಲುತ್ತದೆ ಎಂದು ಹೆದರುತ್ತಲೇ ಇದ್ದೆ. ಕಳೆದ ತಿಂಗಳು ಆ ಮನುಷ್ಯ, ಎದೆನೋವು ಎಂದವರು, ಮಿರಜದ ದಾರಿಯಲ್ಲೇ ಹೋಗಿಬಿಟ್ಟರು. ಯಾರಿಗೂ "ಇಲ್ಲ" ಎನ್ನದವರು ಒಂದು ಮಾತೂ ಹೇಳದೆ ಹೋದರು.

ಸಭೆ ಮುಗಿಸಿ ಅಕ್ಕನ ಜೊತೆ ಶೇಡಬಾಳಕ್ಕೆ ಹೋದೆ. ಸಂಜೆ ಐದಾಗಿತ್ತು. ಬಾಗಿಲಲ್ಲಿ ಬೈಕು ನಿಂತಿತು, ಕ್ಯಾನಿನ ಅಣ್ಣ. ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ಸಾಹೇಬ್ರ ಹ್ವಾದ್ರಲಾ ಅಕ್ಕಾರ. ನನಗೂ ಕ್ಯಾನಿನ್ಯಾಗ ಜಾಗಾ ಸಾಲವಲ್ದು. ಹೋದ ವಾರ ಎಲ್ಲಾರ ಹಲ್ಲೂ ತಗದೇನಿ, ಮನಿ ಮನಿಗೆ ಮುಟ್ಟಸಾಕತ್ತೇನಿ. ಇವು ನಿಮ್ಮವು."

ನಾನು ಅಕ್ಕನ ಕಡೆ ತಿರುಗಿದೆ. ಅಕ್ಕ ಎರಡು ಎಮ್ಮೆ ಕಟ್ಟಿದವಳು. ಕ್ಯಾನಿನಿಂದ ತೆಗೆದ ಕಡ್ಡಿಯನ್ನು ಇವನು ಮಾತಾಡುತ್ತ ಕೈಯಲ್ಲಿ ಹಿಡಿದು ನಿಂತರೆ, "ಲಗೂ ಹಾಕೋ ಮಾರಾಯಾ, ಸಾಯತೈತಿ" ಎಂದು ಬೈಯುವವಳೇ ಅವಳು. ಹೋದ ವಾರವೇ ತೆಗೆದದ್ದು ಎಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಿಲ್ಲ. ಇನ್ನು ಸೂಜಿ ಯಾತಕ್ಕೆ ಎಂದು ಅವಳು ಕೇಳಿದರೆ ಕೊಡಬೇಕಾದ ಉತ್ತರಗಳನ್ನು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡೆ.

ಅಕ್ಕ ಚೀಲ ಇಸಿದುಕೊಂಡಳು. "ಚಾ ಕುಡದ ಹೋಗಪಾ" ಎಂದಳು. ಅವನು ಇನ್ನೂ ಆರು ಮನೆ ಇವೆಯೆಂದು ಹೋದ. ಅಕ್ಕ ಚೀಲವನ್ನು ಬಿಚ್ಚದೆ ಗೂಡಿನಲ್ಲಿಟ್ಟು, ಕೈ ತೊಳೆದು, ಫ್ರಿಜ್ಜಿನಿಂದ ಇನ್ಸುಲಿನ್ ಬಾಟಲಿ ತೆಗೆದಳು. ಹೊತ್ತು ಮುಳುಗುವ ಮೊದಲಿನ ಊಟದ ಸೂಜಿ.

"ಏ, ಬಾರಬೇ ಇಲ್ಲೆ. ಇವತ್ತ ಹೊಟ್ಟಿಗೆ."

"ನಿನ್ನೇನೂ ಹೊಟ್ಟಿಗೇ ಹಾಕೀದಿ" ಎಂದು ಹುಡುಗಿ ಹೊರಗಿನಿಂದಲೇ ಜಗಳ ತೆಗೆದಳು.

"ಅಕ್ಕಾ" ಎಂದೆ, "ಅವು ಹೋದ ವಾರನ ಕ್ಯಾನಿನಿಂದ ಹೊರಗ ಬಂದಾವು."

"ನನಗೂ ಕಿವಿ ಅದಾವು. ನೀ ಏನೂ ಭಾಷಣ ಮಾಡಬ್ಯಾಡ."

ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಔಷಧ ಗೆರೆಗೆ ಸರಿಯಾಗಿ ಬರುವ ತನಕ ಎಳೆದಳು, ಬೆರಳಿನಿಂದ ಚಿಮ್ಮಿ ಗುಳ್ಳೆ ಬಿಡಿಸಿದಳು, ಮತ್ತೊಮ್ಮೆ ಗೆರೆ ನೋಡಿದಳು. ಹುಡುಗಿ ಗೊಣಗುತ್ತ ಬಂದು ಅಂಗಿ ಎತ್ತಿ ನಿಂತಳು. ನಾನು ಜೋಡಿಸಿಕೊಂಡಿದ್ದ ಉತ್ತರಗಳಿಗೆ ಯಾರೂ ಪ್ರಶ್ನೆಯನ್ನೇ ಕೇಳಲಿಲ್ಲ. ಕೊನೆಗೆ ಕೇಳಿದವಳು ನಾನೇ.

"ಅಕ್ಕಾ, ಅವತ್ತ ಡಾಕ್ಟರ್ ಸಾಹೇಬ್ರು ಇದ ಪಡಸಾಲ್ಯಾಗ ಕುಂತ ಸುಳ್ಳ ಹೇಳಾಕತ್ತಾರಂತ ನಿನಗ ಅವಾಗನ ಗೊತ್ತಿತ್ತೇನು?"

"ಹಲ್ಲಿನ ಮಾತ ಸುಳ್ಳಂತ ಗೊತ್ತಿತ್ತು, ಸೂಜಿ ಮಾತ ಖರೇ ಇತ್ತಲಾ" ಎಂದು ಅಕ್ಕ ಸೂಜಿ ಚುಚ್ಚಿದಳು.